ಪೋಪ್ 23ನೇ ಜಾನ್: ಬದುಕು ಮತ್ತು ಧರ್ಮಸಭೆಯ ಸುಧಾರಣೆ

ಮೂಲ ಹೆಸರು: ಆಂಜೆಲೊ ಜುಸೆಪ್ಪೆ ರೊಂಕಾಲ್ಲಿ
ಜನನ: 25 ನವೆಂಬರ್ 1881, ಸೊಟ್ಟೊ ಇಲ್ ಮಾಂಟೆ, ಬೆರ್ಗಾಮೊ ಪ್ರಾಂತ್ಯ, ಇಟಲಿ
ಗುರುದೀಕ್ಷೆ: 10 ಆಗಸ್ಟ್ 1904
ಪೋಪ್ ಪದವಿಯ ಅವಧಿ: 28 ಅಕ್ಟೋಬರ್ 1958ರಿಂದ 3 ಜೂನ್ 1963
ಸಂತ ಪದವಿ: 27 ಏಪ್ರಿಲ್ 2014

ಇಪ್ಪತ್ತನೆಯ ಶತಮಾನದ ಕ್ಯಾಥೊಲಿಕ್ ಧರ್ಮಸಭೆಯ ಚರಿತ್ರೆಯನ್ನು 1962ಕ್ಕೆ ಹಿಂದೆ ಮತ್ತು ಮುಂದೆ ಎಂದು ಎರಡು ಭಾಗ ಮಾಡುವುದು ವಾಡಿಕೆ. ಆ ವರ್ಷ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಅದನ್ನು ಕರೆದವರು ಪೋಪ್ 23ನೇ ಜಾನ್. ಎಪ್ಪತ್ತಾರರ ವಯಸ್ಸಿನಲ್ಲಿ ಪೀಠವೇರಿ ಐದು ವರ್ಷವೂ ತುಂಬುವ ಮೊದಲೇ ತೀರಿಕೊಂಡ ಅವರು, ಮಹಾಸಭೆಯ ನಾಲ್ಕು ಅಧಿವೇಶನಗಳಲ್ಲಿ ಒಂದನ್ನು ಮಾತ್ರ ಕಂಡರು. ಅವರ ಜೀವಿತಾವಧಿಯಲ್ಲಿ ಮಹಾಸಭೆ ಒಂದೇ ಒಂದು ದಸ್ತಾವೇಜನ್ನೂ ಅಂಗೀಕರಿಸಲಿಲ್ಲ. ಆದರೂ ಅದರ ಶ್ರೇಯಸ್ಸನ್ನೂ, ಅದನ್ನು ಒಪ್ಪದವರ ಆಕ್ಷೇಪವನ್ನೂ ಮೊದಲು ಹೊರುವ ಹೆಸರು ಅವರದೇ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಅವರ ಬದುಕನ್ನೂ, ಸುಧಾರಣೆಗೆ ಅವರು ಹಿಡಿದ ಮಾರ್ಗವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ರೈತ ಕುಟುಂಬದ ಹಿನ್ನೆಲೆ

ಉತ್ತರ ಇಟಲಿಯ ಲೊಂಬಾರ್ಡಿ ಸೀಮೆಯಲ್ಲಿ ಬೆರ್ಗಾಮೊ ನಗರಕ್ಕೆ ಸಮೀಪದ ಸೊಟ್ಟೊ ಇಲ್ ಮಾಂಟೆ ಒಂದು ಚಿಕ್ಕ ಹಳ್ಳಿ. ರೊಂಕಾಲ್ಲಿ ಮನೆತನದವರು ಅಲ್ಲಿ ಒಡೆಯರ ಭೂಮಿಯನ್ನು ಪಾಲಿಗೆ ಉಳುತ್ತಿದ್ದ ರೈತರು. ಬೆಳೆದುದರಲ್ಲಿ ಒಂದು ಪಾಲು ಒಡೆಯನಿಗೆ, ಉಳಿದುದು ದೊಡ್ಡ ಕುಟುಂಬದ ಹೊಟ್ಟೆಗೆ. ತಂದೆ ಜೊವಾನ್ನಿ ಬತ್ತಿಸ್ತಾ, ತಾಯಿ ಮರಿಯಾನ್ನಾ. ಹತ್ತಕ್ಕೂ ಹೆಚ್ಚು ಮಕ್ಕಳಿದ್ದ ಆ ಮನೆಯಲ್ಲಿ ಆಂಜೆಲೊ ನಾಲ್ಕನೆಯವರು, ಗಂಡುಮಕ್ಕಳಲ್ಲಿ ಹಿರಿಯರು.

1892ರಲ್ಲಿ ಅವರು ಬೆರ್ಗಾಮೊದ ಸೆಮಿನರಿಯನ್ನು ಸೇರಿದರು. 1901ರಲ್ಲಿ ಉನ್ನತ ವ್ಯಾಸಂಗಕ್ಕೆ ರೋಮಿಗೆ ತೆರಳಿದರು. ನಡುವೆ ಒಂದು ವರ್ಷ ಕಡ್ಡಾಯ ಸೈನಿಕ ಸೇವೆಯನ್ನೂ ಮಾಡಿ, 1904ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಬೆರ್ಗಾಮೊದ ಹೊಸ ಧರ್ಮಾಧ್ಯಕ್ಷ ಜಾಕೊಮೊ ರಾದಿನಿ ತೆದೆಸ್ಕಿ ಅವರ ಕಾರ್ಯದರ್ಶಿಯಾದರು. ರಾದಿನಿ ತೆದೆಸ್ಕಿ ಸಾಮಾಜಿಕ ಪ್ರಶ್ನೆಗಳಲ್ಲಿ ಆಸಕ್ತಿಯುಳ್ಳವರು. 1909ರಲ್ಲಿ ರಾನಿಕಾ ಎಂಬಲ್ಲಿ ಜವಳಿ ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದಾಗ ಅವರು ಕಾರ್ಮಿಕರ ಪರವಾಗಿ ನಿಂತರು. ಉಳ್ಳವರ ವಲಯದಲ್ಲಿ ಇದಕ್ಕೆ ಆಕ್ಷೇಪ ಕೇಳಿಬಂದಿತು. ಒಂಬತ್ತು ವರ್ಷ ಈ ಧರ್ಮಾಧ್ಯಕ್ಷರ ನೆರಳಿನಲ್ಲಿ ದುಡಿದ ರೊಂಕಾಲ್ಲಿ ಅವರನ್ನು ಜೀವನಪರ್ಯಂತ ಗುರುವೆಂದು ಭಾವಿಸಿದರು.

ಅದೇ ಕಾಲದಲ್ಲಿ ಹತ್ತನೆಯ ಪಿಯುಸ್ ಪೋಪರ ಆಡಳಿತ 'ಆಧುನಿಕತಾವಾದ'ದ ವಿರುದ್ಧ ಕಠಿಣ ಕ್ರಮ ಕೈಗೊಂಡಿತ್ತು. ಬೈಬಲ್ಲನ್ನೂ ಧರ್ಮಸಭೆಯ ಚರಿತ್ರೆಯನ್ನೂ ಹೊಸ ವಿಮರ್ಶಾ ವಿಧಾನದಿಂದ ಓದುತ್ತಿದ್ದ ಅಧ್ಯಾಪಕರು ಸಂಶಯಕ್ಕೆ ಗುರಿಯಾದರು. ಸೆಮಿನರಿಯಲ್ಲಿ ಚರಿತ್ರೆ ಬೋಧಿಸುತ್ತಿದ್ದ ರೊಂಕಾಲ್ಲಿಗೂ ಈ ಸಂಶಯದ ಬಿಸಿ ತಟ್ಟಿತು. ಮುಂದೆ ಪೀಠವೇರಿದಾಗ ಸಂಶಯಿತರ ವಿಷಯದಲ್ಲಿ ಅವರು ತೋರಿದ ಸಹನೆಗೆ ಈ ಅನುಭವವೂ ಹಿನ್ನೆಲೆಯಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಸೇನೆಯ ವೈದ್ಯಕೀಯ ದಳದಲ್ಲಿ ಸಾರ್ಜೆಂಟ್ ಆಗಿಯೂ, ಅನಂತರ ಸೈನಿಕರ ಪಾದ್ರಿಯಾಗಿಯೂ ಕೆಲಸ ಮಾಡಿದರು. 1921ರಲ್ಲಿ ಧರ್ಮಪ್ರಚಾರ ಕಾರ್ಯಕ್ಕೆ ನಿಧಿ ಕೂಡಿಸುವ ಸಂಸ್ಥೆಯ ಇಟಲಿ ಶಾಖೆಯನ್ನು ನಡೆಸಲು ರೋಮಿಗೆ ಕರೆಬಂದಿತು.

ಬಲ್ಗೇರಿಯಾ ಮತ್ತು ಟರ್ಕಿಯಲ್ಲಿ ಎರಡು ದಶಕ

1925ರಲ್ಲಿ ರೊಂಕಾಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದು ವ್ಯಾಟಿಕನ್ನಿನ ಪ್ರತಿನಿಧಿಯಾಗಿ ಬಲ್ಗೇರಿಯಾಕ್ಕೆ ಹೋದರು. 'ವಿಧೇಯತೆ ಮತ್ತು ಶಾಂತಿ' ಎಂಬುದು ಅವರು ಆರಿಸಿಕೊಂಡ ಧ್ಯೇಯವಾಕ್ಯ. ಬಲ್ಗೇರಿಯಾದ ಬಹುಸಂಖ್ಯಾತರು ಆರ್ಥೊಡಾಕ್ಸ್ ಕ್ರೈಸ್ತರು. ಕ್ಯಾಥೊಲಿಕರ ಸಂಖ್ಯೆ ಬಹಳ ಸಣ್ಣದು. ರೋಮಿನ ದೃಷ್ಟಿಯಲ್ಲಿ ಅದು ಮಹತ್ವದ ಹುದ್ದೆಯಲ್ಲ. ಆದರೂ ಹತ್ತು ವರ್ಷ ಅವರು ಅಲ್ಲಿಯೇ ಇದ್ದರು. 1928ರ ಭೂಕಂಪದಲ್ಲಿ ನೊಂದವರಿಗೆ ಪರಿಹಾರ ಒದಗಿಸುವ ಕಾರ್ಯದಲ್ಲಿ ಮತಭೇದವೆಣಿಸದೆ ತೊಡಗಿದರು.

1934ರ ಕೊನೆಯಲ್ಲಿ ಟರ್ಕಿ ಮತ್ತು ಗ್ರೀಸ್ ದೇಶಗಳಿಗೆ ನೇಮಕವಾಗಿ, ಇಸ್ತಾಂಬುಲ್ ನಗರದಲ್ಲಿ ನೆಲೆಸಿದರು. ಮುಸ್ತಫಾ ಕೆಮಾಲ್ ಅವರ ಸರ್ಕಾರ ಧಾರ್ಮಿಕ ಉಡುಪನ್ನು ಸಾರ್ವಜನಿಕವಾಗಿ ಧರಿಸುವುದನ್ನು ನಿಷೇಧಿಸಿದಾಗ, ತಕರಾರು ಮಾಡದೆ ಸಾಮಾನ್ಯ ಕೋಟು ಪ್ಯಾಂಟು ತೊಟ್ಟರು. ಆರಾಧನೆಯ ಕೆಲವು ಪ್ರಾರ್ಥನೆಗಳನ್ನು ತುರ್ಕಿ ಭಾಷೆಯಲ್ಲಿ ಹೇಳುವ ಪದ್ಧತಿಯನ್ನು ತಂದರು. ಇದಕ್ಕೆ ಅಲ್ಲಿನ ಯುರೋಪಿಯನ್ ಭಕ್ತರಲ್ಲಿ ಕೆಲವರು ಮುಖ ಸಿಂಡರಿಸಿದರು. ದೇವಾಲಯ ಇರುವ ನೆಲದ ಭಾಷೆಗೆ ಪೂಜೆಯಲ್ಲಿ ಸ್ಥಾನವಿರಬೇಕೆಂಬ ವಿಚಾರವನ್ನು ಅವರು ಮಹಾಸಭೆಗೆ ಕಾಲು ಶತಮಾನ ಮೊದಲೇ ಆಚರಣೆಗೆ ತಂದಿದ್ದರೆಂಬುದು ಗಮನಾರ್ಹ.

ಎರಡನೆಯ ಮಹಾಯುದ್ಧದಲ್ಲಿ ಟರ್ಕಿ ತಟಸ್ಥ ರಾಷ್ಟ್ರವಾಗಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಪ್ಯಾಲೆಸ್ಟೈನ್ ಸೇರಲು ಯತ್ನಿಸುತ್ತಿದ್ದ ಯೆಹೂದ್ಯರಿಗೆ ಇಸ್ತಾಂಬುಲ್ ಒಂದು ಪ್ರಮುಖ ದಾರಿ. ಯೆಹೂದಿ ಸಂಸ್ಥೆಗಳ ಪ್ರತಿನಿಧಿಗಳು ರೊಂಕಾಲ್ಲಿಯವರನ್ನು ಮೇಲಿಂದ ಮೇಲೆ ಕಂಡರು. ಅವರು ವಲಸೆಯ ದಾಖಲೆಪತ್ರಗಳನ್ನು ಹಂಗೇರಿಯ ವ್ಯಾಟಿಕನ್ ರಾಯಭಾರಿಗೆ ತಲುಪಿಸಿದರು. ಬಲ್ಗೇರಿಯಾದ ದೊರೆ ಮೂರನೆಯ ಬೋರಿಸ್ ಅವರಿಗೆ ಪತ್ರ ಬರೆದರು.

ಪ್ಯಾರಿಸ್ ಮತ್ತು ವೆನಿಸ್

1944ರ ಡಿಸೆಂಬರ್‌ನಲ್ಲಿ ಅನಿರೀಕ್ಷಿತವಾಗಿ ಅವರಿಗೆ ಪ್ಯಾರಿಸ್ಸಿನ ರಾಯಭಾರಿ ಹುದ್ದೆ ದೊರೆಯಿತು. ಜರ್ಮನರ ಹಿಡಿತದಿಂದ ಆಗಷ್ಟೇ ಬಿಡುಗಡೆಗೊಂಡಿದ್ದ ಫ್ರಾನ್ಸಿನಲ್ಲಿ ಜನರಲ್ ಡಿ ಗಾಲ್ ಸರ್ಕಾರ, ವಿಶಿ ಆಡಳಿತದೊಂದಿಗೆ ಸಹಕರಿಸಿದ ಧರ್ಮಾಧ್ಯಕ್ಷರನ್ನೆಲ್ಲ ತೆಗೆಯಬೇಕೆಂದು ಪಟ್ಟು ಹಿಡಿದಿತ್ತು. ರೊಂಕಾಲ್ಲಿ ದುಡುಕದೆ, ಪ್ರತಿಯೊಂದು ಪ್ರಕರಣಕ್ಕೂ ಸಾಕ್ಷ್ಯ ಕೇಳುತ್ತ ಕಾಲ ತೆಗೆದುಕೊಂಡರು. ಕೊನೆಗೆ ಹುದ್ದೆ ಬಿಟ್ಟವರು ಬೆರಳೆಣಿಕೆಯಷ್ಟು ಮಂದಿ.

1953ರ ಜನವರಿಯಲ್ಲಿ ಹನ್ನೆರಡನೆಯ ಪಿಯುಸ್ ಅವರನ್ನು ಕಾರ್ಡಿನಲ್ ಪದವಿಗೇರಿಸಿ ವೆನಿಸ್‌ನ ಪೇತ್ರಿಯಾರ್ಕರನ್ನಾಗಿ ನೇಮಿಸಿದರು. ಸಮಾಜವಾದಿಯಾಗಿದ್ದ ಫ್ರೆಂಚ್ ಅಧ್ಯಕ್ಷ ವಿನ್ಸೆಂಟ್ ಓರಿಯಲ್ ಹಳೆಯ ಸಂಪ್ರದಾಯದಂತೆ ಕಾರ್ಡಿನಲ್ಲರ ಕೆಂಪು ಟೋಪಿಯನ್ನು ಅವರ ತಲೆಗೆ ತಾವೇ ತೊಡಿಸಿದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಮೊದಲ ಬಾರಿಗೆ ರೊಂಕಾಲ್ಲಿಯವರಿಗೆ ಸ್ವಂತ ಧರ್ಮಪ್ರಾಂತ್ಯವೊಂದರ ಹೊಣೆ ಬಂದಿತು. ತಮ್ಮ ಕೊನೆಯ ದಿನಗಳು ವೆನಿಸ್‌ನಲ್ಲಿಯೇ ಕಳೆಯುವುವೆಂದು ಅವರು ನಂಬಿದ್ದರು.

'ಮಧ್ಯಂತರ' ಪೋಪ್

1958ರ ಅಕ್ಟೋಬರ್ 9ರಂದು ಹನ್ನೆರಡನೆಯ ಪಿಯುಸ್ ನಿಧನರಾದರು. ಅವರ ದೀರ್ಘ ಆಳ್ವಿಕೆಯ ತರುವಾಯ ಕಾಂಕ್ಲೇವಿನಲ್ಲಿ ಸೇರಿದ 51 ಕಾರ್ಡಿನಲ್ಲರಲ್ಲಿ ಒಮ್ಮತವಿರಲಿಲ್ಲ. ಹನ್ನೊಂದನೆಯ ಸುತ್ತಿನ ಮತದಾನದಲ್ಲಿ, ಅಕ್ಟೋಬರ್ 28ರಂದು, ರೊಂಕಾಲ್ಲಿ ಆಯ್ಕೆಯಾದರು. ಇನ್ನೊಂದು ತಿಂಗಳಿಗೆ 77 ತುಂಬಲಿದ್ದ ವೃದ್ಧರು ಕೆಲವು ವರ್ಷ ಸದ್ದಿಲ್ಲದೆ ಪೀಠ ಕಾಯುವರು, ಅಷ್ಟರಲ್ಲಿ ಮುಂದಿನವರು ಸಿದ್ಧರಾಗುವರು ಎಂಬುದು ಸಾಮಾನ್ಯ ಎಣಿಕೆ.

ಅವರು ಆರಿಸಿಕೊಂಡ ಹೆಸರೇ ಮೊದಲ ಅಚ್ಚರಿ. ಜಾನ್ ಎಂಬ ಹೆಸರನ್ನು ಆರು ಶತಮಾನಗಳಿಂದ ಯಾವ ಪೋಪರೂ ಇಟ್ಟುಕೊಂಡಿರಲಿಲ್ಲ. ಹದಿನೈದನೆಯ ಶತಮಾನದ ಒಡಕಿನ ಕಾಲದಲ್ಲಿ ಬಲ್ದಸ್ಸಾರೆ ಕೊಸ್ಸಾ ಎಂಬವರು 23ನೇ ಜಾನ್ ಎಂದು ಕರೆಸಿಕೊಂಡು, 1415ರಲ್ಲಿ ಕಾನ್‌ಸ್ಟಾನ್ಸ್ ಮಹಾಸಭೆಯಿಂದ ಪದಚ್ಯುತರಾಗಿದ್ದರು. ಅವರನ್ನು ಅಧಿಕೃತ ಪೋಪರೆಂದು ಗಣಿಸಲಾಗದು ಎಂಬುದನ್ನು ಹೊಸ ಪೋಪರು ಅದೇ ಸಂಖ್ಯೆ ತಳೆಯುವ ಮೂಲಕ ಸ್ಪಷ್ಟಪಡಿಸಿದರು. ಜಾನ್ ತಮ್ಮ ತಂದೆಯ ಹೆಸರು, ತಾವು ಜ್ಞಾನಸ್ನಾನ ಪಡೆದ ಊರಿನ ದೇವಾಲಯದ ಹೆಸರು ಎಂಬುದು ಅವರು ನೀಡಿದ ಸರಳ ಕಾರಣ.

ಆ ವರ್ಷದ ಕ್ರಿಸ್ಮಸ್ ವೇಳೆಗೆ ಅವರು ರೋಮಿನ ಮಕ್ಕಳ ಆಸ್ಪತ್ರೆಗೂ, ರೆಜಿನಾ ಚೇಲಿ ಸೆರೆಮನೆಗೂ ಭೇಟಿಯಿತ್ತರು. ನೀವು ನನ್ನ ಬಳಿ ಬರಲಾರಿರಿ, ಆದ್ದರಿಂದ ನಾನೇ ಬಂದೆ ಎಂಬ ಅರ್ಥದ ಮಾತನ್ನು ಕೈದಿಗಳಿಗೆ ಹೇಳಿದರು. ವ್ಯಾಟಿಕನ್ನಿನ ಕೆಳದರ್ಜೆಯ ನೌಕರರ ಸಂಬಳ ಏರಿಸಿದರು. 1962ರ ಅಕ್ಟೋಬರ್ 4ರಂದು ರೈಲಿನಲ್ಲಿ ಲೊರೆಟೊ ಮತ್ತು ಅಸ್ಸಿಸಿ ಯಾತ್ರೆ ಕೈಗೊಂಡರು. 1870ರಲ್ಲಿ ಪೋಪರ ರಾಜ್ಯ ಇಟಲಿಯಲ್ಲಿ ಲೀನವಾದ ಮೇಲೆ ರೋಮಿನ ಸೀಮೆಯನ್ನು ದಾಟಿ ಅಷ್ಟು ದೂರ ಹೋದ ಮೊದಲ ಪೋಪ್ ಅವರೇ.

ಆಡಳಿತದಲ್ಲಿಯೂ ಬದಲಾವಣೆಗಳು ಕಂಡವು. ಕಾರ್ಡಿನಲ್ಲರ ಸಂಖ್ಯೆ 70ನ್ನು ಮೀರಬಾರದೆಂದು 1586ರಲ್ಲಿ ಐದನೆಯ ಸಿಕ್ಸ್ಟಸ್ ವಿಧಿಸಿದ್ದ ಮಿತಿಯನ್ನು ಅವರು ಮೊದಲ ಎರಡು ತಿಂಗಳಲ್ಲಿಯೇ ಮೀರಿದರು. ಆಗ ನೇಮಕಗೊಂಡ 23 ಮಂದಿಯಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷ ಮೊಂತಿನಿ ಒಬ್ಬರು. ಮುಂದೆ ಆರನೆಯ ಪೌಲ್ ಆದವರು ಇವರೇ. 1960ರಲ್ಲಿ ಟಾಂಗನಿಕಾದ ಲೌರಿಯನ್ ರುಗಾಂಬ್ವಾ, ಜಪಾನಿನ ಪೀಟರ್ ದೋಯಿ, ಫಿಲಿಪ್ಪೀನ್ಸಿನ ರುಫಿನೊ ಸಾಂತೋಸ್ ತಮ್ಮ ತಮ್ಮ ದೇಶದ ಮೊದಲ ಕಾರ್ಡಿನಲ್ಲರಾದರು. ಇವರಲ್ಲಿ ರುಗಾಂಬ್ವಾ ಆಧುನಿಕ ಕಾಲದ ಮೊದಲ ಆಫ್ರಿಕನ್ ಕಾರ್ಡಿನಲ್.

ಮಹಾಸಭೆಯ ಘೋಷಣೆ

1959ರ ಜನವರಿ 25. ಪೀಠವೇರಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ರೋಮಿನ ಗೋಡೆಯ ಹೊರಗಿನ ಸಂತ ಪೌಲರ ದೇವಾಲಯದ ಮಠದಲ್ಲಿ 17 ಕಾರ್ಡಿನಲ್ಲರ ಎದುರು ಪೋಪ್ ಮೂರು ಸಂಕಲ್ಪಗಳನ್ನು ಪ್ರಕಟಿಸಿದರು. ಒಂದು, ರೋಮ್ ಧರ್ಮಪ್ರಾಂತ್ಯದ ಸಿನೊಡ್. ಎರಡು, ವಿಶ್ವದ ಎಲ್ಲ ಧರ್ಮಾಧ್ಯಕ್ಷರ ಮಹಾಸಭೆ. ಮೂರು, ಧರ್ಮಸಭೆಯ ಕಾನೂನು ಸಂಹಿತೆಯ ಪರಿಷ್ಕರಣೆ. ಕಾರ್ಡಿನಲ್ಲರಿಂದ ಪ್ರತಿಕ್ರಿಯೆಯೇ ಬರಲಿಲ್ಲ. ಆ ಮೌನವನ್ನು ಪೋಪ್ ತಾವೇ ಮುಂದೆ ನೆನೆದಿದ್ದಾರೆ.

ಆ ಮೌನಕ್ಕೆ ಕಾರಣವಿತ್ತು. ಕ್ಯಾಥೊಲಿಕರ ಲೆಕ್ಕದಲ್ಲಿ ಅಲ್ಲಿಯವರೆಗೆ ನಡೆದಿದ್ದ ಮಹಾಸಭೆಗಳು 20. ಪ್ರೊಟೆಸ್ಟಂಟ್ ಸುಧಾರಣೆಗೆ ಉತ್ತರವಾಗಿ 1545ರಿಂದ 1563ರವರೆಗೆ ಟ್ರೆಂಟ್ ಮಹಾಸಭೆ ಕೂಡಿತ್ತು. 1869-70ರ ಮೊದಲನೆಯ ವ್ಯಾಟಿಕನ್ ಮಹಾಸಭೆ, ವಿಶ್ವಾಸ ಮತ್ತು ನೈತಿಕತೆಯ ವಿಷಯದಲ್ಲಿ ಪೋಪ್ ವಿಧ್ಯುಕ್ತವಾಗಿ ನೀಡುವ ನಿರ್ಣಯ ಪ್ರಮಾದರಹಿತವೆಂದು ಸಾರಿತ್ತು. ಅಂದ ಮೇಲೆ ಇನ್ನು ಮಹಾಸಭೆಯ ಅಗತ್ಯವೇ ಇಲ್ಲವೆಂದು ಅನೇಕ ಪಂಡಿತರು ಭಾವಿಸಿದ್ದರು. ಅದೂ ಅಲ್ಲದೆ, ಹಿಂದಿನ ಹಲವು ಮಹಾಸಭೆಗಳು ಯಾವುದೋ ತಪ್ಪು ಬೋಧನೆಯನ್ನು ಖಂಡಿಸಲು ಕೂಡಿದ್ದವು. ಈ ಬಾರಿ ಖಂಡಿಸಬೇಕಾದ ಪಾಷಂಡ ಮತವೊಂದು ಎದುರಿಗಿರಲಿಲ್ಲ. ಧರ್ಮಸಭೆಯ ನವೀಕರಣ ಮತ್ತು ಕ್ರೈಸ್ತರ ಐಕ್ಯ ಎಂಬುದೇ ಪೋಪರು ಮುಂದಿಟ್ಟ ಉದ್ದೇಶ. ಕಾಲಕ್ಕೆ ತಕ್ಕಂತೆ ಹೊಂದಿಸುವುದು ಎಂಬ ಅರ್ಥದ 'ಅಜೊರ್ನಮೆಂತೊ' ಎಂಬ ಇಟಾಲಿಯನ್ ಪದ ಆಗ ಜಗತ್ತಿನೆಲ್ಲೆಡೆ ಬಳಕೆಗೆ ಬಂದಿತು.

ಸಿದ್ಧತೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಚರ್ಚಿಸಬೇಕಾದ ವಿಷಯಗಳನ್ನು ಸೂಚಿಸುವಂತೆ ಲೋಕದ ಎಲ್ಲ ಧರ್ಮಾಧ್ಯಕ್ಷರಿಗೂ ಪತ್ರ ಹೋಯಿತು. ಬಂದ ಉತ್ತರಗಳು ಸುಮಾರು ಎರಡು ಸಾವಿರ. ಅವುಗಳ ಆಧಾರದ ಮೇಲೆ ಸಿದ್ಧತಾ ಸಮಿತಿಗಳು ಸುಮಾರು 70 ಕರಡುಗಳನ್ನು ರಚಿಸಿದವು. ಸಮಿತಿಗಳ ಮೇಲೆ ವ್ಯಾಟಿಕನ್ನಿನ ಆಡಳಿತ ವರ್ಗವಾದ ಕ್ಯುರಿಯಾದ ಹಿಡಿತವಿದ್ದುದರಿಂದ ಬಹುಪಾಲು ಕರಡುಗಳು ಹಳೆಯ ಜಾಡಿನಲ್ಲಿಯೇ ಇದ್ದವು. ಆದರೆ ಹಿಂದಿನ ಪೋಪರ ಕಾಲದಲ್ಲಿ ಬೋಧನೆ ಮತ್ತು ಬರವಣಿಗೆಯ ಮೇಲೆ ನಿರ್ಬಂಧ ಅನುಭವಿಸಿದ್ದ ಫ್ರೆಂಚ್ ದೇವಶಾಸ್ತ್ರಜ್ಞರಾದ ಇವ್ ಕೊಂಗಾರ್ ಮತ್ತು ಹೆನ್ರಿ ಡಿ ಲುಬಾಕ್ 1960ರಲ್ಲಿ ಸಲಹೆಗಾರರ ಪಟ್ಟಿಯಲ್ಲಿ ಕಾಣಿಸಿಕೊಂಡರು. ಗಾಳಿ ಬೀಸುವ ದಿಕ್ಕು ಬದಲಾಗುತ್ತಿರುವುದರ ಸೂಚನೆ ಇದಾಗಿತ್ತು.

1962ರ ಮೊದಲ ಅಧಿವೇಶನ

1962ರ ಅಕ್ಟೋಬರ್ 11ರಂದು ಸುಮಾರು 2,500 ಧರ್ಮಾಧ್ಯಕ್ಷರು ಹಾಗೂ ಮಠಾಧಿಪತಿಗಳ ಸಮ್ಮುಖದಲ್ಲಿ ಮಹಾಸಭೆ ಉದ್ಘಾಟನೆಗೊಂಡಿತು. ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಪ್ರೊಟೆಸ್ಟಂಟ್ ಸಭೆಗಳ ವೀಕ್ಷಕರಿಗೂ ಆಸನಗಳಿದ್ದವು. ಉದ್ಘಾಟನಾ ಭಾಷಣದಲ್ಲಿ ಪೋಪರು, ಈ ಕಾಲದಲ್ಲಿ ಕೇಡನ್ನಲ್ಲದೆ ಬೇರೇನನ್ನೂ ಕಾಣದ ವಿನಾಶದ ಪ್ರವಾದಿಗಳೊಂದಿಗೆ ತಮಗೆ ಸಹಮತವಿಲ್ಲವೆಂದರು. ತಪ್ಪುಗಳನ್ನು ಎದುರಿಸಲು ದಂಡನೆಗಿಂತ ಕರುಣೆಯ ಔಷಧವೇ ಲೇಸೆಂದರು. ವಿಶ್ವಾಸದ ತಿರುಳು ಬೇರೆ, ಅದನ್ನು ಹೇಳುವ ರೀತಿ ಬೇರೆ ಎಂಬ ಭೇದವನ್ನು ಗುರುತಿಸಿದರು. ಮುಂದಿನ ಎಲ್ಲ ಸುಧಾರಣೆಗಳಿಗೂ ಈ ಕೊನೆಯ ಮಾತೇ ತಳಹದಿಯಾಯಿತು.

ಎರಡು ದಿನಗಳ ಬಳಿಕ ಮೊದಲ ಕಲಾಪ. ಮಹಾಸಭೆಯ ಸಮಿತಿಗಳಿಗೆ ಆಗಲೇ ಚುನಾವಣೆ ನಡೆಯಬೇಕಿತ್ತು. ಸಿದ್ಧತಾ ಸಮಿತಿಗಳಲ್ಲಿದ್ದವರ ಪಟ್ಟಿಯನ್ನೂ ಹಂಚಲಾಗಿತ್ತು. ಫ್ರಾನ್ಸಿನ ಕಾರ್ಡಿನಲ್ ಲಿಯೆನಾರ್ ಎದ್ದುನಿಂತು, ಪರಸ್ಪರ ಪರಿಚಯವೇ ಇಲ್ಲದವರು ಮತ ಹಾಕುವುದಾದರೂ ಹೇಗೆಂದು ಕೇಳಿ ಕಾಲಾವಕಾಶ ಬಯಸಿದರು. ಜರ್ಮನಿಯ ಕಾರ್ಡಿನಲ್ ಫ್ರಿಂಗ್ಸ್ ಅನುಮೋದಿಸಿದರು. ಸಭೆ ಚಪ್ಪಾಳೆಯಿಂದ ಒಪ್ಪಿ, ಒಂದು ತಾಸಿಗೂ ಮೊದಲೇ ಮುಗಿಯಿತು. ಕ್ಯುರಿಯಾ ಸಿದ್ಧಪಡಿಸಿದ್ದಕ್ಕೆ ಮುದ್ರೆಯೊತ್ತಿ ಹಿಂದಿರುಗಲು ತಾವು ಬಂದಿಲ್ಲವೆಂದು ಧರ್ಮಾಧ್ಯಕ್ಷರು ಅಂದು ತೋರಿಸಿಕೊಟ್ಟರು.

ಮೊದಲು ಚರ್ಚೆಗೆ ಬಂದದ್ದು ಪೂಜಾವಿಧಿ. ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿಯೇ ಇರಬೇಕೇ, ಜನರ ಭಾಷೆಗೂ ಎಡೆಯಿದೆಯೇ ಎಂಬುದು ವಾದದ ಕೇಂದ್ರ. ಪೂರ್ವದ ಮೆಲ್ಕೈಟ್ ಸಭೆಯ ಪೇತ್ರಿಯಾರ್ಕ್ ನಾಲ್ಕನೆಯ ಮಾಕ್ಸಿಮೋಸ್ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿ ಮಾತನಾಡಿದರು. ಕ್ಯುರಿಯಾದ ಸಂಪ್ರದಾಯವಾದಿಗಳ ಮುಂದಾಳು ಕಾರ್ಡಿನಲ್ ಒತ್ತಾವಿಯಾನಿ ನಿಗದಿತ ವೇಳೆ ಮೀರಿ ಮಾತನಾಡಿದಾಗ ಅಂದಿನ ಅಧ್ಯಕ್ಷರಾಗಿದ್ದ ಡಚ್ ಕಾರ್ಡಿನಲ್ ಅಲ್ಫ್ರಿಂಕ್ ಧ್ವನಿವರ್ಧಕ ನಿಲ್ಲಿಸಿದರು. ಸಭೆಯಲ್ಲಿ ಚಪ್ಪಾಳೆ ಕೇಳಿಸಿತು. ನವೆಂಬರ್ 14ರಂದು ಆ ಕರಡಿನ ಮೂಲತತ್ವಗಳಿಗೆ 2,162 ಮತಗಳ ಒಪ್ಪಿಗೆ ದೊರೆಯಿತು. ವಿರೋಧಿಸಿದವರು 46 ಮಂದಿ.

ನಿಜವಾದ ಪರೀಕ್ಷೆ ಬಂದದ್ದು ನವೆಂಬರ್ 20ರಂದು. ದೈವೀ ಪ್ರಕಟಣೆಯ ಮೂಲಗಳನ್ನು ಕುರಿತ ಕರಡು ತೀರ ಬಿಗಿಯಾದುದೆಂದು ಅನೇಕರು ಆಕ್ಷೇಪಿಸಿದ್ದರು. ಚರ್ಚೆಯನ್ನು ನಿಲ್ಲಿಸಬೇಕೆಂದು 1,368 ಮಂದಿ, ಮುಂದುವರಿಯಬೇಕೆಂದು 822 ಮಂದಿ ಮತವಿತ್ತರು. ಬಹುಮತ ಸ್ಪಷ್ಟವಾಗಿದ್ದರೂ ನಿಯಮದ ಪ್ರಕಾರ ಬೇಕಾಗಿದ್ದ ಮೂರನೆಯ ಎರಡರಷ್ಟು ಬೆಂಬಲ ಸ್ವಲ್ಪದರಲ್ಲಿ ತಪ್ಪಿತು. ಹೆಚ್ಚಿನವರಿಗೆ ಬೇಡವಾದ ಕರಡೇ ಉಳಿಯುವ ಪ್ರಸಂಗ. ಅಲ್ಲಿಯವರೆಗೆ ತಮ್ಮ ಕೊಠಡಿಯಲ್ಲಿ ಟೆಲಿವಿಷನ್ ಮೂಲಕ ಕಲಾಪ ನೋಡುತ್ತ ಸುಮ್ಮನಿದ್ದ ಪೋಪರು ಮರುದಿನ ಮಧ್ಯೆ ಪ್ರವೇಶಿಸಿ ಕರಡನ್ನು ಹಿಂತೆಗೆದರು. ಅದನ್ನು ಹೊಸದಾಗಿ ಬರೆಯಲು ಒತ್ತಾವಿಯಾನಿ ಹಾಗೂ ಸುಧಾರಣಾವಾದಿ ಕಾರ್ಡಿನಲ್ ಬೆಯಾ ಇಬ್ಬರನ್ನೂ ಜೊತೆಯಾಗಿ ಮುಖ್ಯಸ್ಥರನ್ನಾಗಿಸಿ ಮಿಶ್ರ ಸಮಿತಿ ನೇಮಿಸಿದರು. ಗೆದ್ದವರ ಕೈಗೆ ಎಲ್ಲವನ್ನೂ ಒಪ್ಪಿಸದೆ, ಎರಡೂ ಪಕ್ಷದವರು ಒಂದೇ ಮೇಜಿಗೆ ಬರುವಂತೆ ಮಾಡಿದ್ದು ಅವರ ಕಾರ್ಯವಿಧಾನಕ್ಕೆ ಒಳ್ಳೆಯ ನಿದರ್ಶನ.

ಯೆಹೂದ್ಯರು ಮತ್ತು ಇತರ ಕ್ರೈಸ್ತರು

ಶುಭ ಶುಕ್ರವಾರದ ಪೂಜೆಯಲ್ಲಿ ಯೆಹೂದ್ಯರನ್ನು ವಿಶ್ವಾಸಹೀನರೆಂದು ಕರೆಯುವ ಲ್ಯಾಟಿನ್ ವಿಶೇಷಣವೊಂದು ಶತಮಾನಗಳಿಂದ ಉಳಿದುಬಂದಿತ್ತು. 1959ರಲ್ಲಿ ಪೋಪ್ ಅದನ್ನು ತೆಗೆಸಿದರು. 1960ರ ಜೂನ್ 13ರಂದು ಫ್ರಾನ್ಸಿನ ಯೆಹೂದಿ ಇತಿಹಾಸಕಾರ ಜೂಲ್ ಇಸಾಕ್ ಅವರನ್ನು ಭೇಟಿಯಾದರು. ಇಸಾಕ್ ಅವರ ಪತ್ನಿ ಮತ್ತು ಮಗಳು ನಾಜಿಗಳ ಕೈಯಲ್ಲಿ ಹತರಾಗಿದ್ದರು. ಕ್ರೈಸ್ತ ಬೋಧನೆಯಲ್ಲಿ ಬೇರೂರಿದ ಯೆಹೂದಿ ತಿರಸ್ಕಾರವನ್ನು ಕಿತ್ತುಹಾಕಬೇಕೆಂದು ಅವರು ಕೋರಿದರು. ಮಹಾಸಭೆ 1965ರ ಅಕ್ಟೋಬರ್ 28ರಂದು ಪ್ರಕಟಿಸಿದ 'ನೊಸ್ತ್ರಾ ಐತಾತೆ' ಘೋಷಣೆಯ ಬೀಜ ಈ ಭೇಟಿಯಲ್ಲಿದೆ.

1960ರ ಜೂನ್‌ನಲ್ಲಿ ಕ್ರೈಸ್ತರ ಐಕ್ಯಕ್ಕಾಗಿ ಪ್ರತ್ಯೇಕ ಸಚಿವಾಲಯ ಸ್ಥಾಪನೆಯಾಯಿತು. ಅದೇ ಡಿಸೆಂಬರ್ 2ರಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ವ್ಯಾಟಿಕನ್ನಿಗೆ ಬಂದರು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಭೆ ರೋಮಿನಿಂದ ಬೇರ್ಪಟ್ಟ ಬಳಿಕ ಇಂತಹ ಭೇಟಿ ಅದೇ ಮೊದಲು.

ಎರಡು ವಿಶ್ವಪತ್ರಗಳು

ಪೋಪರು ಲೋಕದ ಧರ್ಮಸಭೆಗೆ ಬರೆಯುವ ಅಧಿಕೃತ ಪತ್ರವನ್ನು ವಿಶ್ವಪತ್ರವೆನ್ನುತ್ತಾರೆ. 23ನೇ ಜಾನ್ ಹೊರಡಿಸಿದ ಎಂಟರಲ್ಲಿ ಎರಡು ಹೆಸರಾದವು. 1961ರ 'ಮಾತೆರ್ ಎತ್ ಮಜಿಸ್ತ್ರಾ' ಕಾರ್ಮಿಕರ ಪ್ರಶ್ನೆಯನ್ನು ಕುರಿತ 1891ರ ವಿಶ್ವಪತ್ರದ 70ನೇ ವರ್ಷಕ್ಕಾಗಿ ಬರೆದದ್ದು. ನ್ಯಾಯವಾದ ಕೂಲಿ, ಉದ್ಯಮದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆ, ಹಿಂದುಳಿದ ದೇಶಗಳಿಗೆ ಶ್ರೀಮಂತ ದೇಶಗಳ ಹೊಣೆ ಇವುಗಳ ಜೊತೆಗೆ ಕೃಷಿಯ ದುಃಸ್ಥಿತಿಗೆ ಅದರಲ್ಲಿ ವಿಸ್ತಾರವಾದ ಸ್ಥಾನವಿದೆ. ಪಾಲಿಗೆ ಉಳುವ ಮನೆಯಲ್ಲಿ ಹುಟ್ಟಿದವರ ಗಮನ ಹೊಲದ ಕಡೆ ಹರಿದುದು ಸಹಜವೇ.

ಎರಡನೆಯದಕ್ಕೆ ಹಿನ್ನೆಲೆ ಕ್ಯೂಬಾ ಬಿಕ್ಕಟ್ಟು. ಮಹಾಸಭೆ ಆರಂಭವಾದ ಎರಡೇ ವಾರದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದವು. ಅಕ್ಟೋಬರ್ 25ರಂದು ಪೋಪರು ವ್ಯಾಟಿಕನ್ ರೇಡಿಯೊದಲ್ಲಿ ಫ್ರೆಂಚ್ ಭಾಷೆಯಲ್ಲಿ ಮಾತನಾಡಿ, ಶಾಂತಿಗಾಗಿ ಮಾತುಕತೆ ನಡೆಸುವಂತೆ ಆಳುವವರನ್ನು ಕೋರಿದರು. 1963ರ ಏಪ್ರಿಲ್ 11ರ 'ಪಾಚೆಮ್ ಇನ್ ತೆರ್ರಿಸ್' ಕ್ಯಾಥೊಲಿಕರಿಗಷ್ಟೇ ಅಲ್ಲದೆ ಸದ್ಭಾವನೆಯುಳ್ಳ ಎಲ್ಲ ಮಾನವರಿಗೂ ಉದ್ದೇಶಿಸಿ ಬರೆದ ಮೊದಲ ವಿಶ್ವಪತ್ರ. ಅಣ್ವಸ್ತ್ರಗಳ ನಿಷೇಧ, ಮಾನವ ಹಕ್ಕುಗಳು, ಅಂತಃಸಾಕ್ಷಿಗನುಗುಣವಾಗಿ ದೇವರನ್ನು ಆರಾಧಿಸುವ ಹಕ್ಕು ಇವೆಲ್ಲ ಅದರಲ್ಲಿವೆ. ಕಾರ್ಮಿಕರ ಏಳಿಗೆ, ಸಾರ್ವಜನಿಕ ಜೀವನಕ್ಕೆ ಮಹಿಳೆಯರ ಪ್ರವೇಶ ಮತ್ತು ವಸಾಹತುಗಳ ಸ್ವಾತಂತ್ರ್ಯ ಈ ಮೂರನ್ನು ಯುಗದ ಲಕ್ಷಣಗಳೆಂದು ಅದು ಗುರುತಿಸಿತು. ತಪ್ಪು ಬೇರೆ, ತಪ್ಪು ಮಾಡುವ ಮನುಷ್ಯ ಬೇರೆ ಎಂದೂ ಹೇಳಿತು. ಇದಕ್ಕೆ ಒಂದು ತಿಂಗಳು ಮೊದಲು ಅವರು ಸೋವಿಯತ್ ನಾಯಕ ಕ್ರುಶ್ಚೇವರ ಮಗಳು ಮತ್ತು ಅಳಿಯನನ್ನು ಬರಮಾಡಿಕೊಂಡಿದ್ದರು. ಪೋಪರು ಕಮ್ಯುನಿಸ್ಟರಿಗೆ ಅಂಗೀಕಾರದ ಮುದ್ರೆ ಒತ್ತಿದರೆಂದು ಇಟಲಿಯಲ್ಲಿ ಟೀಕೆಯೂ ಎದ್ದಿತು.

ಸುಧಾರಣೆಯ ಮಿತಿಗಳು

23ನೇ ಜಾನ್ ಅವರನ್ನು ಕ್ರಾಂತಿಕಾರಿಯೆಂದು ಚಿತ್ರಿಸುವುದು ವಾಸ್ತವಕ್ಕೆ ದೂರ. ಅವರ ಭಕ್ತಿ ಹಳ್ಳಿಯ ಹಳೆಯ ಕಾಲದ ಭಕ್ತಿ. ಸೆಮಿನರಿಗಳಲ್ಲಿ ಲ್ಯಾಟಿನ್ ಬೋಧನೆಯನ್ನು ಬಲಪಡಿಸಬೇಕೆಂದು 1962ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದವರು ಅವರೇ. ಫ್ರಾನ್ಸಿನಲ್ಲಿ ಪಾದ್ರಿಗಳು ಕಾರ್ಖಾನೆಗಳಲ್ಲಿ ದುಡಿಯುತ್ತ ಕಾರ್ಮಿಕರ ನಡುವೆ ಬದುಕುವ ಪ್ರಯೋಗಕ್ಕೆ 1959ರಲ್ಲಿ ತಡೆ ಬಿದ್ದದ್ದು, ವಿಜ್ಞಾನಿ ಹಾಗೂ ಚಿಂತಕ ಪಾದ್ರಿ ತೆಯಾರ್ ಡಿ ಶಾರ್ದಾನ್ ಅವರ ಕೃತಿಗಳ ಬಗೆಗೆ 1962ರಲ್ಲಿ ಎಚ್ಚರಿಕೆ ಹೊರಬಿದ್ದದ್ದು ಅವರ ಆಳ್ವಿಕೆಯಲ್ಲಿಯೇ. ಪಾಪನಿವೇದನೆಯ ಸಂದರ್ಭದಲ್ಲಿ ಪಾದ್ರಿಗಳು ಎಸಗುವ ಲೈಂಗಿಕ ಅಪರಾಧಗಳ ವಿಚಾರಣೆಯನ್ನು ಕಟ್ಟುನಿಟ್ಟಿನ ಗೋಪ್ಯತೆಗೆ ಒಳಪಡಿಸಿದ ಸೂಚನೆಗೂ ಅವರು 1962ರಲ್ಲಿ ಅನುಮೋದನೆ ನೀಡಿದ್ದರು. ಹಿಂದಿನ ನಿಯಮದ ಮರುಪ್ರಕಟಣೆಯಾದ ಈ ಸೂಚನೆ 2003ರಲ್ಲಿ ಬಹಿರಂಗ ಚರ್ಚೆಗೆ ಬಂದಾಗ ತೀವ್ರ ಟೀಕೆಗೆ ಒಳಗಾಯಿತು.

ನಿಧನ ಮತ್ತು ನಂತರ

ಮಹಾಸಭೆ ಆರಂಭವಾಗುವ ಕೆಲವೇ ವಾರ ಮೊದಲು ಪೋಪರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿದುಬಂದಿತ್ತು. ಕೊನೆಯವರೆಗೆ ಅವರು ಕೆಲಸ ಬಿಡಲಿಲ್ಲ. ಕಾನೂನು ಸಂಹಿತೆಯ ಪರಿಷ್ಕರಣೆಗೆ 1963ರ ಮಾರ್ಚ್‌ನಲ್ಲಿ ಸಮಿತಿ ನೇಮಿಸಿದರು. ಹೊಸ ಸಂಹಿತೆ ಜಾರಿಗೆ ಬರಲು 1983 ಬರಬೇಕಾಯಿತು. 1963ರ ಜೂನ್ 3ರ ಸಂಜೆ ಅವರು ನಿಧನರಾದರು. ಆಗ ಸಂತ ಪೇತ್ರರ ಚೌಕದಲ್ಲಿ ಅಪಾರ ಜನ ಅವರಿಗಾಗಿ ಪ್ರಾರ್ಥಿಸುತ್ತಿದ್ದರು.

ಪೋಪರು ತೀರಿಕೊಂಡೊಡನೆ ಮಹಾಸಭೆ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಮುಂದುವರಿಸುವುದು ಬಿಡುವುದು ಹೊಸ ಪೋಪರ ಇಚ್ಛೆ. ಜೂನ್ 21ರಂದು ಆಯ್ಕೆಯಾದ ಆರನೆಯ ಪೌಲ್ ಅದನ್ನು ಮುಂದುವರಿಸುವುದಾಗಿ ಕೂಡಲೇ ಪ್ರಕಟಿಸಿದರು. 1965ರ ಡಿಸೆಂಬರ್ 8ರಂದು ಮುಗಿಯುವ ವೇಳೆಗೆ ಮಹಾಸಭೆ 16 ದಸ್ತಾವೇಜುಗಳನ್ನು ಅಂಗೀಕರಿಸಿತ್ತು. ಪೂಜಾವಿಧಿಯ ಸಂವಿಧಾನ, 1963ರ ಡಿಸೆಂಬರ್ 4ರಂದು, 2,147 ಮತಗಳಿಂದ ಅಂಗೀಕೃತವಾಯಿತು. ವಿರುದ್ಧ ಬಿದ್ದ ಮತಗಳು ಕೇವಲ 4. ಧಾರ್ಮಿಕ ಸ್ವಾತಂತ್ರ್ಯ, ಕ್ರೈಸ್ತ ಐಕ್ಯ, ಜನಸಾಮಾನ್ಯ ಭಕ್ತರ ಪಾತ್ರ ಕುರಿತ ದಸ್ತಾವೇಜುಗಳು ಅನಂತರ ಬಂದವು.

2000ದ ಸೆಪ್ಟೆಂಬರ್ 3ರಂದು ಎರಡನೆಯ ಜಾನ್ ಪೌಲ್ ಅವರು 23ನೇ ಜಾನ್ ಅವರನ್ನು ಪುನೀತರೆಂದು ಸಾರಿದರು. 2014ರ ಏಪ್ರಿಲ್ 27ರಂದು ಪೋಪ್ ಫ್ರಾನ್ಸಿಸ್ ಅವರಿಗೆ, ಎರಡನೆಯ ಜಾನ್ ಪೌಲ್ ಅವರ ಜೊತೆಯಲ್ಲಿಯೇ, ಸಂತ ಪದವಿ ನೀಡಿದರು. ರೂಢಿಯಂತೆ ಬೇಕಾಗಿದ್ದ ಎರಡನೆಯ ಪವಾಡದ ನಿಯಮವನ್ನು ಅವರ ಪಾಲಿಗೆ ಸಡಿಲಿಸಲಾಗಿತ್ತು. ಮಹಾಸಭೆ ಆರಂಭವಾದ ಅಕ್ಟೋಬರ್ 11 ಅವರ ಹಬ್ಬದ ದಿನ.

ಭಾರತ ಮತ್ತು ಕರ್ನಾಟಕ

ಇಂದು ಕರ್ನಾಟಕದ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ತಮಿಳು ಭಾಷೆಗಳಲ್ಲಿ ಬಲಿಪೂಜೆ ನಡೆಯುವುದು, ಪಾದ್ರಿ ಜನರಿಗೆ ಎದುರಾಗಿ ನಿಲ್ಲುವುದು ಸಾಮಾನ್ಯ ದೃಶ್ಯ. ಅರವತ್ತು ವರ್ಷಗಳ ಹಿಂದೆ ಲ್ಯಾಟಿನ್ ವಿಧಿಯನ್ನು ಅನುಸರಿಸುವ ಚರ್ಚುಗಳಲ್ಲಿ ಇದು ಊಹಿಸಲಾಗದ ಸಂಗತಿ. ಪಾದ್ರಿ ಪೀಠದ ಕಡೆಗೆ ಮುಖ ಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಸಲ್ಲಿಸುತ್ತಿದ್ದರೆ, ಹಿಂದೆ ಕುಳಿತ ಭಕ್ತರು ಜಪಸರ ಹಿಡಿದು ತಮ್ಮ ಪ್ರಾರ್ಥನೆಗಳನ್ನು ಹೇಳಿಕೊಳ್ಳುತ್ತಿದ್ದರು.

ಮಹಾಸಭೆಯ ನಿರ್ಣಯಗಳನ್ನು ಭಾರತದಲ್ಲಿ ಆಚರಣೆಗೆ ತರಲು ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರ ನೆಲೆಗೊಂಡದ್ದು ಬೆಂಗಳೂರಿನಲ್ಲಿ. 1967ರಲ್ಲಿ ಅದನ್ನು ಕಟ್ಟಿದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಪಾದರಕ್ಷೆ ಕಳಚಿ ಒಳಬರುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮುಂತಾದ ಭಾರತೀಯ ರೀತಿಗಳನ್ನು ಆರಾಧನೆಯಲ್ಲಿ ಬಳಸುವ 12 ಅಂಶಗಳಿಗೆ ರೋಮ್ 1969ರಲ್ಲಿ ಸಮ್ಮತಿಯಿತ್ತಿತು. ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಹೆಸರಿಸಿ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ನಿರಾಕರಿಸುವುದಿಲ್ಲವೆಂದು 'ನೊಸ್ತ್ರಾ ಐತಾತೆ' ಸಾರಿದ್ದು ಇಂತಹ ಪ್ರಯತ್ನಗಳಿಗೆ ಬಲ ನೀಡಿತ್ತು. ಇದೆಲ್ಲ ಕ್ರೈಸ್ತ ಆರಾಧನೆಗೆ ಹೊರಗಿನದೆಂದು ಆಕ್ಷೇಪಿಸಿದ ಭಕ್ತರೂ ಇದ್ದರು.

ಜನರ ಭಾಷೆ ಎಂದಾಗ ಯಾವ ಜನರ ಭಾಷೆ ಎಂಬ ಪ್ರಶ್ನೆಯೂ ಬಂದಿತು. ಲ್ಯಾಟಿನ್ ಯಾರ ಮನೆಮಾತೂ ಅಲ್ಲದ್ದರಿಂದ ಅದರ ವಿಷಯದಲ್ಲಿ ಜಗಳಕ್ಕೆ ಆಸ್ಪದವಿರಲಿಲ್ಲ. ಹಲವು ಭಾಷಿಕರು ನೆಲೆಸಿದ ಬೆಂಗಳೂರು ಧರ್ಮಪ್ರಾಂತ್ಯದಲ್ಲಿ ಪೂಜೆಯಲ್ಲಿ ಕನ್ನಡದ ಸ್ಥಾನವೇನು ಎಂಬುದು ದಶಕಗಳ ಕಾಲ ಹೋರಾಟಕ್ಕೂ ಮನಸ್ತಾಪಕ್ಕೂ ಎಡೆಮಾಡಿತು.

ಉಳಿದ ಪ್ರಶ್ನೆ

ಮಹಾಸಭೆಯ ಅರ್ಥವೇನು ಎಂಬ ವಿವಾದ ಇನ್ನೂ ಮುಗಿದಿಲ್ಲ. ಹಿಂದಿನದರೊಡನೆ ಅದು ಸಂಬಂಧ ಕಡಿದುಕೊಂಡಿತೆಂದು ಕೆಲವರು, ಅರ್ಧ ದಾರಿಯಲ್ಲಿ ನಿಂತಿತೆಂದು ಮತ್ತೆ ಕೆಲವರು ಹೇಳುತ್ತಾರೆ. ಸುಧಾರಣೆಯನ್ನು ಒಪ್ಪದ ಫ್ರೆಂಚ್ ಆರ್ಚ್‌ಬಿಷಪ್ ಲೆಫೆವ್ರ್ 1988ರಲ್ಲಿ ರೋಮಿನ ಅನುಮತಿಯಿಲ್ಲದೆ ಧರ್ಮಾಧ್ಯಕ್ಷರಿಗೆ ದೀಕ್ಷೆ ಕೊಟ್ಟು ಬಹಿಷ್ಕೃತರಾದರು. ವಿಪರ್ಯಾಸವೆಂದರೆ, ಹಳೆಯ ಲ್ಯಾಟಿನ್ ಪೂಜೆಯನ್ನು ಬಯಸುವವರು ಕೈಯಲ್ಲಿ ಹಿಡಿಯುವ ಪೂಜಾಗ್ರಂಥ 23ನೇ ಜಾನ್ ಅವರೇ 1962ರಲ್ಲಿ ಪ್ರಕಟಿಸಿದ ಆವೃತ್ತಿ. ಅದರ ಬಳಕೆಯನ್ನು 2007ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಸುಲಭಗೊಳಿಸಿದರು. 2021ರಲ್ಲಿ ಫ್ರಾನ್ಸಿಸ್ ಮತ್ತೆ ನಿರ್ಬಂಧಿಸಿದರು.

ಒಂದೇ ಪೋಪರ ಹೆಸರನ್ನು ಎರಡೂ ಪಕ್ಷಗಳು ಹೇಳಿಕೊಳ್ಳಲು ಕಾರಣ ಅವರ ವಿಧಾನದಲ್ಲಿಯೇ ಇದೆ. ಸುಧಾರಣೆಗಳ ಪಟ್ಟಿಯೊಂದನ್ನು ತಾವೇ ಬರೆದು ಅವರು ಆಜ್ಞಾಪಿಸಲಿಲ್ಲ. ಅಂತಹ ಆಜ್ಞೆ ಮಾಡುವ ಅಧಿಕಾರ ಅವರಿಗಿದ್ದಿತು. ಬದಲಿಗೆ ಲೋಕದ ಧರ್ಮಾಧ್ಯಕ್ಷರನ್ನು ಕರೆಸಿ, ಮಾತನಾಡಲು ಬಿಟ್ಟು, ಅವರ ಮಾತು ನಿಯಮದ ಜಾಲದಲ್ಲಿ ಸಿಲುಕಿದಾಗ ಮಾತ್ರ ಕೈ ಹಾಕಿದರು. ಅಂತಹ ಸಭೆಯ ತೀರ್ಮಾನ ತಮ್ಮ ಎಣಿಕೆಯನ್ನು ಮೀರಿ ಹೋಗಬಹುದೆಂಬುದನ್ನು ಅರಿಯದಷ್ಟು ಅನನುಭವಿಯಲ್ಲ ಸುಮಾರು ಮೂವತ್ತು ವರ್ಷ ಪರದೇಶಗಳಲ್ಲಿ ರಾಯಭಾರ ನಡೆಸಿದ ಆ ವೃದ್ಧರು. ಅರಿತೂ ಆ ಅಪಾಯಕ್ಕೆ ಒಡ್ಡಿಕೊಂಡುದೇ ಅವರ ಸುಧಾರಣೆ.